ತಪ್ಪು ಯಾರದು ಅಂತ ಕೇಳದೆ ಬೇರೆಯಾಗಬಹುದಾ?

ಒಂದು ಸಂಸಾರ ಮುರೀತು ಅಂತ ಸುದ್ದಿ ಬಂದರೆ ನಮ್ಮೂರಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ತಪ್ಪು ಯಾರ್ದಂತೆ?" ಮಗು ಯಾರ ಹತ್ತಿರ ಇದೆ, ಆ ಹುಡುಗಿ ಈಗ ಎಲ್ಲಿದಾಳೆ, ಅವನು ಊಟಕ್ಕೆ ಏನು ಮಾಡ್ಕೊಂಡಿದಾನೆ ಅನ್ನೋದೆಲ್ಲ ಆಮೇಲಿನ ಮಾತು. ಮೊದಲು ತಪ್ಪು ಯಾರದು ಅಂತ ತೀರ್ಮಾನ ಆಗಬೇಕು. ಬೆಳಗ್ಗೆ ಹಾಲಿನ ಡೈರಿ ಮುಂದೆ ಈ ಕೋರ್ಟು ಶುರುವಾದರೆ, ಹಾಲು ಹಾಕಿ ಕ್ಯಾನು ತೊಳೆಯೋ ಹೊತ್ತಿಗೆ ತೀರ್ಪು ಬಂದಿರುತ್ತೆ.

ನಮ್ಮೂರು ಅಂದರೆ ಚನ್ನರಾಯಪಟ್ಟಣ. ಆಫೀಸಲ್ಲಿ ಹೆಸರು ಹೇಳಿದರೆ ಎಲ್ಲರೂ "ಓ, ಹಾಸನದ ಕಡೆನಾ?" ಅಂತಾರೆ. ಅದಲ್ಲ. ಇದು ದೇವನಹಳ್ಳಿ ತಾಲ್ಲೂಕಿನ ಹೋಬಳಿ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯೋ ಊರು. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ಗುಂಟೆ ಲೆಕ್ಕದಲ್ಲಿ ಜಮೀನು ಮಾತಾಡೋದು ಕಲಿತ ಊರು. ಇಲ್ಲಿಂದ ಬೆಳಗ್ಗೆ ಕ್ಯಾಬ್ ಹತ್ತಿ ಹೋಗೋ ನನ್ನಂಥವರು ಬೇಕಾದಷ್ಟು ಜನ ಇದ್ದಾರೆ. ಲ್ಯಾಪ್‌ಟಾಪ್ ಬ್ಯಾಗು ಹೊತ್ಕೊಂಡು ಹೋಗ್ತೀವಿ, ಸಂಜೆ ವಾಪಸ್ ಬಂದು ಅದೇ ಪ್ರಶ್ನೆ ಕೇಳ್ತೀವಿ: ತಪ್ಪು ಯಾರದಂತೆ?

ನಾನು ಈ ಪ್ರಶ್ನೆಯನ್ನ ಹಗುರವಾಗಿ ತಗೊಳ್ತಾ ಇಲ್ಲ. ಒಬ್ಬರಿಗೆ ಅನ್ಯಾಯ ಆಗಿದ್ದರೆ ಅದು ಅನ್ಯಾಯ ಅಂತ ಯಾರಾದರೂ ಹೇಳಬೇಕು. ಅದು ಮನುಷ್ಯರ ನ್ಯಾಯವಾದ ಆಸೆ. ಆದರೆ ಆ ಆಸೆ ತೀರಿಸೋ ಕೆಲಸವನ್ನ ಡೈವೋರ್ಸ್ ಕೇಸಿಗೆ ಒಪ್ಪಿಸಿದರೆ ಏನಾಗುತ್ತೆ? ತಪ್ಪು ಯಾರದು ಅಂತ ಸಾಬೀತು ಮಾಡದೆ ಇಬ್ಬರು ಮರ್ಯಾದೆಯಿಂದ ಬೇರೆಯಾದರೆ ನ್ಯಾಯಕ್ಕೆ ಮೋಸ ಆಗುತ್ತಾ? ನಮ್ಮ ಮನೇಲೇ ಒಂದು ಮದುವೆ ಮುಗಿದ ಮೇಲೆ ಈ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ.

ಮೊದಲು ಕಾನೂನಿನ ಮಾತು, ಸ್ವಲ್ಪ ತಾಳ್ಮೆ ಇರಲಿ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ಬಹುಮಟ್ಟಿಗೆ ತಪ್ಪಿನ ಪಟ್ಟಿ. ಕ್ರೌರ್ಯ, ಬಿಟ್ಟು ಹೋಗಿದ್ದು, ಬೇರೆ ಸಂಬಂಧ ಇಟ್ಕೊಂಡಿದ್ದು. ಬೇರೆಯಾಗಬೇಕಾದರೆ ಇದರಲ್ಲಿ ಒಂದನ್ನ ಹಿಡ್ಕೊಂಡು ಎದುರಿನವರ ಮೇಲೆ ಹೊರಿಸಿ ಸಾಬೀತು ಮಾಡಬೇಕು. 1976ರಲ್ಲಿ 13ಬಿ ಅಂತ ಹೊಸ ಸೆಕ್ಷನ್ ಸೇರಿಸಿದರು. ಇಬ್ಬರೂ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಬೇರೆ ಇದ್ದು, ಒಟ್ಟಿಗೆ ಬಾಳೋಕೆ ಆಗಿಲ್ಲ ಅಂತ ಒಪ್ಪಿ ಅರ್ಜಿ ಹಾಕಿದರೆ, ಯಾರ ತಪ್ಪನ್ನೂ ಸಾಬೀತು ಮಾಡದೆ ಬಿಡುಗಡೆ ಸಿಗುತ್ತೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು ಅನ್ನೋ ನಿಯಮ ಇತ್ತು. 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಲ್ಲ ಇತ್ಯರ್ಥ ಆಗಿ ಇನ್ನು ಕೂಡೋ ಸಾಧ್ಯತೆನೇ ಇಲ್ಲ ಅನ್ನೋ ಕಡೆ ಈ ಅವಧಿ ಬಿಟ್ಟುಕೊಡಬಹುದು ಅಂತ ಹೇಳಿತು. ಮದುವೆ ಸರಿಪಡಿಸಲಾರದಷ್ಟು ಮುರಿದಿದೆ ಅನ್ನೋದನ್ನೇ ಕಾರಣ ಅಂತ ಕಾಯ್ದೆಗೆ ಸೇರಿಸಿ ಅಂತ ಕಾನೂನು ಆಯೋಗ 1978ರಲ್ಲೇ ಹೇಳಿತ್ತು. ಇವತ್ತಿಗೂ ಸೇರಿಲ್ಲ. 2023ರ ಮೇ 1ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 142ನೇ ವಿಧಿಯ ಅಧಿಕಾರದಲ್ಲಿ ತಾನು ಆ ಕಾರಣಕ್ಕೆ ಡೈವೋರ್ಸ್ ಕೊಡಬಹುದು ಅಂತ ತೀರ್ಪು ಕೊಟ್ಟಿತು. ಆದರೆ ದೇವನಹಳ್ಳಿ ಕೋರ್ಟಿಗೆ ಹೋಗೋ ಗಂಡ ಹೆಂಡತಿಗೆ ಸುಪ್ರೀಂ ಕೋರ್ಟಿನ ಆ ವಿಶೇಷ ಅಧಿಕಾರ ಕೈಗೆ ಸಿಗೋದಲ್ಲ. ಅವರಿಗೆ ಇರೋದು ಎರಡೇ ಬಾಗಿಲು: ತಪ್ಪು ಹೊರಿಸೋದು, ಇಲ್ಲಾ ಇಬ್ಬರೂ ಒಪ್ಪೋದು.

ಒಪ್ಪೋದು ಅಂತ ಬರೆಯೋಕೆ ಎರಡು ಸೆಕೆಂಡು ಸಾಕು. ಒಪ್ಪಿಗೆಗೆ ಬರೋ ತನಕದ ದಾರಿಯಲ್ಲೇ ಜನ ಸಾಯ್ತಾರೆ.

ನನ್ನ ದೊಡ್ಡಪ್ಪನ ಮಗಳು, ನಾವೆಲ್ಲ ಅಕ್ಕ ಅಂತ ಕರೆಯೋಳು, ಗಂಡನ ಮನೆಯಿಂದ ಬಂದು ಒಂದೂವರೆ ವರ್ಷ ಆಗಿತ್ತು. ಮಗನಿಗೆ ಆರು ವರ್ಷ. ಭಾವ ವಕೀಲರ ಕೈಲಿ ಒಂದು ನೋಟಿಸ್ ಕಳಿಸಿದರು. ಅದರಲ್ಲಿ ಅಕ್ಕನ ಬಗ್ಗೆ ಏನು ಬರೆದಿತ್ತು ಅಂತ ಇಲ್ಲಿ ಹೇಳೋಲ್ಲ. ಅರ್ಧ ಸುಳ್ಳು, ಇನ್ನರ್ಧ ಯಾವ ಮನೇಲಾದರೂ ನಡೆಯೋ ಜಗಳಾನ ಕ್ರೌರ್ಯ ಅಂತ ಹೆಸರಿಟ್ಟು ತಾರೀಖು ಹಾಕಿದ್ದು. ಉತ್ತರ ಬರೆಯೋಕೆ ಅಕ್ಕ ಕೂತಳು. ಅವಳೂ ತಾರೀಖು ಹುಡುಕೋಕೆ ಶುರುಮಾಡಿದಳು. ಯಾವತ್ತು ಕೈ ಎತ್ತಿ ಮಾತಾಡಿದ, ಯಾವ ಹಬ್ಬಕ್ಕೆ ಅತ್ತೆ ಊಟಕ್ಕೆ ಕರೀಲಿಲ್ಲ, ಯಾವ ತಿಂಗಳು ದುಡ್ಡು ಕೊಡಲಿಲ್ಲ. ಏಳು ವರ್ಷದ ವಾಟ್ಸಾಪ್ ಮೆಸೇಜನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಫೋಲ್ಡರ್ ಮಾಡಿದಳು. ಮಗ ಹುಟ್ಟಿದ ದಿನ ಅವನು ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತಿದ್ದ ಮೆಸೇಜೂ ಅಲ್ಲೇ ಇತ್ತು. ಅದು ಯಾವ ಫೋಲ್ಡರಿಗೂ ಸೇರಲಿಲ್ಲ, ಯಾಕಂದ್ರೆ ಕೇಸಿಗೆ ಅದು ಉಪಯೋಗಕ್ಕೆ ಬರಲ್ಲ.

ತಪ್ಪಿನ ಬಾಗಿಲು ಮಾಡೋ ಕೆಲಸ ಇದು. ಅದು ಇದ್ದ ಜಗಳಕ್ಕೆ ತೀರ್ಪು ಕೊಟ್ಟು ಸುಮ್ಮನಾಗಲ್ಲ, ಇಬ್ಬರ ನೆನಪನ್ನೂ ಸಾಕ್ಷಿಯಾಗಿ ಬದಲಾಯಿಸುತ್ತೆ. ಆ ಕಾಗದಗಳು ಫೈಲಲ್ಲಿ ಉಳಿಯುತ್ತವೆ. ಆರು ವರ್ಷದ ಹುಡುಗ ಒಂದಿನ ಇಪ್ಪತ್ತಾರು ವರ್ಷದವನಾಗಿ ಅದನ್ನ ಓದಬಹುದು.

ಅಕ್ಕನ ವಕೀಲರು ವಯಸ್ಸಾದ ಹೆಂಗಸು. ಆ ಫೋಲ್ಡರ್ ನೋಡಿ ಅವರು ಹೇಳಿದ್ದು ಇಷ್ಟೇ: "ನೋಡಮ್ಮ, ಇದಿಷ್ಟೂ ಇಟ್ಕೊಂಡು ನಾನು ವರ್ಷಗಟ್ಟಲೆ ಕೇಸ್ ನಡೆಸಬಹುದು. ನಿನಗೆ ಬೇಕಾಗಿರೋದು ಏನು ಅಂತ ಮೊದಲು ಹೇಳು." ಆಮೇಲೆ ಅವರು ಹೇಳಿದ ದಾರಿಯ ಹೆಸರೇ ಕೊಲಾಬರೇಟಿವ್ ಡೈವೋರ್ಸ್.

ಇದರ ಹುಟ್ಟು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ. ಸ್ಟು ವೆಬ್ ಅಂತ ಒಬ್ಬ ಫ್ಯಾಮಿಲಿ ವಕೀಲರು ಇದ್ದರು. ಗಂಡ ಹೆಂಡತಿಯರನ್ನ ಕೋರ್ಟಲ್ಲಿ ಜಗಳ ಆಡಿಸಿ ಸಾಕಾಗಿ, 1990ರಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದರು: ಇನ್ನು ಮೇಲೆ ಡೈವೋರ್ಸ್ ಕೇಸಲ್ಲಿ ಇತ್ಯರ್ಥಕ್ಕೆ ಮಾತ್ರ ಕೆಲಸ ಮಾಡ್ತೀನಿ, ಇತ್ಯರ್ಥ ಆಗದಿದ್ದರೆ ಕಕ್ಷಿದಾರರು ಬೇರೆ ವಕೀಲರನ್ನ ನೋಡ್ಕೋಬೇಕು. ಅಷ್ಟೇ ಅದರ ಮೂಲ. ಆಮೇಲೆ ಅದು ಬೇರೆ ಬೇರೆ ದೇಶಗಳಿಗೆ ಹರಡಿತು. ಅಮೆರಿಕದ ರಾಜ್ಯಗಳಿಗಾಗಿ 2009ರಲ್ಲಿ ಒಂದು ಮಾದರಿ ಕಾಯ್ದೆಯೂ ತಯಾರಾಯಿತು.

ನಡೆಯೋದು ಹೀಗೆ. ಇಬ್ಬರಿಗೂ ಅವರವರ ವಕೀಲರು ಇರ್ತಾರೆ. ನಾಲ್ಕೂ ಜನ ಒಂದು ಕಾಗದಕ್ಕೆ ಸಹಿ ಹಾಕ್ತಾರೆ: ಮಾತುಕತೆ ನಡೆಯೋವರೆಗೆ ಯಾರೂ ಕೋರ್ಟಿಗೆ ಹೋಗಲ್ಲ, ಆಸ್ತಿ ಸಂಬಳ ಸಾಲ ಎಲ್ಲ ಮುಚ್ಚಿಡದೆ ಹೇಳ್ತೀವಿ, ಮಾತು ಮುರಿದರೆ ಈ ಇಬ್ಬರು ವಕೀಲರೂ ಕೇಸಿಂದ ಹೊರಗೆ. ಕೊನೆಯ ಷರತ್ತೇ ಇದರ ಜೀವ. ಮಾಮೂಲಿ ಕೇಸಲ್ಲಿ ಮಾತುಕತೆ ಮುರಿದರೆ ವಕೀಲರ ಕೆಲಸ ಶುರುವಾಗುತ್ತೆ, ಇಲ್ಲಿ ಮುರಿದರೆ ಅವರ ಕೆಲಸ ಹೋಗುತ್ತೆ. ಬೇಕಾದರೆ ಇಬ್ಬರಿಗೂ ಸೇರಿ ಒಬ್ಬ ಲೆಕ್ಕಪರಿಶೋಧಕರನ್ನ, ಮಗುವಿನ ವಿಷಯಕ್ಕೆ ಒಬ್ಬ ಆಪ್ತಸಮಾಲೋಚಕರನ್ನ ಇಟ್ಕೋಬಹುದು. ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ಒಂದೊಂದೇ ವಿಷಯ ಮುಗಿಸ್ತಾ ಹೋಗಬೇಕು.

ನಮ್ಮ ದೇಶದಲ್ಲಿ ಇದಕ್ಕೇ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಆ ಕಾಗದಕ್ಕೆ ಇರೋದು ಒಪ್ಪಂದದ ಬಲ. ಕೊನೆಗೆ ಎಲ್ಲರೂ 13ಬಿ ಬಾಗಿಲಿಗೇ ಬರಬೇಕು, ನ್ಯಾಯಾಧೀಶರ ಮುಂದೆ ನಿಂತು ಹೌದು ಅನ್ನಬೇಕು, ಡಿಕ್ರಿ ತಗೋಬೇಕು. ಹಾಗಾಗಿ ಕೋರ್ಟಿಗೆ ಹೋಗದೆ ಡೈವೋರ್ಸ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೋರ್ಟಿಗೆ ಜಗಳ ತಗೊಂಡು ಹೋಗೋದರ ಬದಲು ಉತ್ತರ ತಗೊಂಡು ಹೋಗ್ತೀರಿ, ವ್ಯತ್ಯಾಸ ಅಷ್ಟು.

"ಮೀಡಿಯೇಷನ್ ಇದೆಯಲ್ಲ, ಇದೇನು ಹೊಸದು?" ಅಂತ ಕೇಳಬಹುದು. ಇದೆ, ಚೆನ್ನಾಗಿಯೂ ಇದೆ. ಹೈಕೋರ್ಟಿನ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೀತಿದೆ, ಕೌಟುಂಬಿಕ ನ್ಯಾಯಾಲಯ ಇರೋ ನ್ಯಾಯದೇಗುಲ ಕಟ್ಟಡದಲ್ಲೇ. ಕೌಟುಂಬಿಕ ಪ್ರಕರಣಗಳನ್ನ ಮಧ್ಯಸ್ಥಿಕೆಗೆ ಕಳಿಸಿ ಅಂತ ಸುಪ್ರೀಂ ಕೋರ್ಟು 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಒತ್ತಿ ಹೇಳಿದೆ. ಆದರೆ ಅಲ್ಲಿಗೆ ಹೋಗೋರಲ್ಲಿ ಹೆಚ್ಚಿನವರು ಕೇಸ್ ಹಾಕಿಯಾದ ಮೇಲೆ ಹೋಗ್ತಾರೆ, ಅಂದರೆ ಬೈದಾಟ ಕಾಗದದ ಮೇಲೆ ಬಂದಾದ ಮೇಲೆ. ಮಧ್ಯಸ್ಥರು ಯಾರ ಪಕ್ಷಾನೂ ಅಲ್ಲ, ಹಾಗಾಗಿ ಮಾತು ಬಾರದವರ ಪರವಾಗಿ ಮಾತಾಡೋಕೆ ಅವರಿಗೆ ಆಗಲ್ಲ. ಕೊಲಾಬರೇಟಿವ್ ದಾರಿಯಲ್ಲಿ ಪಕ್ಕದಲ್ಲಿ ನಿಮ್ಮ ಪರವಾಗಿಯೇ ಒಬ್ಬರು ಕೂತಿರ್ತಾರೆ. ಜೋರಾಗಿ ಮಾತಾಡೋಕೆ ಬರದ ನಮ್ಮ ಅಕ್ಕನಂಥವರಿಗೆ ಅದು ಸಣ್ಣ ವಿಷಯ ಅಲ್ಲ.

ಅಕ್ಕ ಭಾವ ಐದು ಸಲ ಕೂತರು. ಮೊದಲನೇ ಸಲ ಅರ್ಧ ಗಂಟೆಗೇ ಎದ್ದು ಬಂದರು. ಎರಡನೇ ಸಲ ಚಿನ್ನದ ವಿಷಯ: ಯಾವುದು ತವರಿಂದ ಬಂದಿದ್ದು, ಯಾವುದು ಅಡವಿಟ್ಟಿದ್ದು, ಯಾವ ಬ್ಯಾಂಕಲ್ಲಿ. ಆಮೇಲೆ ಮಗನ ವಿಷಯ, ಸ್ಕೂಲು, ಶನಿವಾರ ಭಾನುವಾರ, ಯುಗಾದಿಗೆ ಎಲ್ಲಿ, ಊರ ಜಾತ್ರೆಗೆ ಎಲ್ಲಿ. ಜಮೀನಿನ ಮಾತೂ ಬಂತು. ನಮ್ಮ ಕಡೆ ಅದು ಬರದೆ ಇರಲ್ಲ. ಗಂಡನ ಮನೆಯ ಆಸ್ತಿಯಲ್ಲಿ ಡೈವೋರ್ಸ್ ಆದ ಹೆಂಡತಿಗೆ ಇಷ್ಟು ಪಾಲು ಅಂತ ನಮ್ಮ ಕಾನೂನಲ್ಲಿಲ್ಲ. ಗೋವಾದಲ್ಲಿ ಪೋರ್ಚುಗೀಸ್ ಕಾಲದ ಸಿವಿಲ್ ಕೋಡ್ ಪ್ರಕಾರ ದಂಪತಿಯ ಆಸ್ತಿ ಇಬ್ಬರದು ಅನ್ನೋ ಪದ್ಧತಿ ಇದೆ, ಇಲ್ಲಿಲ್ಲ. ಇಲ್ಲಿ ಸಿಗೋದು ಜೀವನಾಂಶ. ಜಮೀನು ಇನ್ನೂ ಭಾವನ ಅಪ್ಪನ ಹೆಸರಲ್ಲಿತ್ತು. ಕೊನೆಗೆ ಮಗನ ಹೆಸರಿಗೆ ಬ್ಯಾಂಕಲ್ಲಿ ದುಡ್ಡು ಇಡೋದು, ಓದಿನ ಖರ್ಚು ಪೂರ್ತಿ ಅಪ್ಪನದು ಅಂತ ಬರೆದರು.

ನಾಲ್ಕನೇ ಸಲ ವಕೀಲರು ಅಕ್ಕನ್ನ ಕೇಳಿದರು, "ಇನ್ನೇನಾದರೂ ಬಾಕಿ ಇದೆಯಾ?" ಅಕ್ಕ ಹೇಳಿದಳು: "ನಾನು ಯಾರ ಜೊತೆಗೋ ಫೋನಲ್ಲಿ ಮಾತಾಡ್ತಿದ್ದೆ ಅಂತ ಊರಲ್ಲಿ ಹಬ್ಬಿಸಿದ್ದಾರೆ. ಅದು ಸುಳ್ಳು ಅಂತ ಇವರಿಗೆ ಗೊತ್ತು. ನಮ್ಮಪ್ಪನ ಮುಂದೆ ಬಂದು ಅದನ್ನ ಹೇಳಬೇಕು."

ಯಾವ ಕೋರ್ಟೂ ಇದನ್ನ ಆದೇಶ ಮಾಡಲ್ಲ. ಕೋರ್ಟು ದುಡ್ಡು ಕೊಡಿಸಬಹುದು, ಮಗುವನ್ನ ಯಾರ ಹತ್ತಿರ ಬಿಡಬೇಕು ಅಂತ ಹೇಳಬಹುದು, ಮದುವೆ ರದ್ದು ಮಾಡಬಹುದು. ಒಬ್ಬ ಗಂಡಸನ್ನ ಮಾವನ ಮನೆಗೆ ಕಳಿಸಿ, ನಿಮ್ಮ ಮಗಳ ಮೇಲೆ ನಾನು ಸುಳ್ಳು ಹೇಳೋಕೆ ಬಿಟ್ಟೆ ಅಂತ ಹೇಳಿಸೋ ಸೆಕ್ಷನ್ ಯಾವ ಕಾಯ್ದೆಯಲ್ಲೂ ಇಲ್ಲ. ಕೇಸ್ ನಡೀತಿದ್ದರೆ ಅವರು ಹಾಗೆ ಹೇಳೋದು ಸಾಧ್ಯವೂ ಇರಲಿಲ್ಲ, ಯಾಕಂದ್ರೆ ಹೇಳಿದ ಮಾತು ಮರುದಿನ ಅವರ ವಿರುದ್ಧ ಸಾಕ್ಷಿ ಆಗ್ತಿತ್ತು.

ಭಾವ ಬಂದರು. ನಾನು ಅವತ್ತು ಮನೇಲಿದ್ದೆ. ನಡುಮನೆಯಲ್ಲಿ ನಿಂತ್ಕೊಂಡೇ ಹೇಳಿದರು: "ಮಾವ, ಊರಲ್ಲಿ ಆಡ್ತಿರೋ ಮಾತು ಸುಳ್ಳು. ನನಗೆ ಗೊತ್ತಿದ್ದೂ ಸುಮ್ಮನಿದ್ದೆ." ಎರಡು ನಿಮಿಷ ಆಗಿರಬಹುದು. ದೊಡ್ಡಪ್ಪ ಮುಖ ನೋಡಲಿಲ್ಲ. "ಕಾಪಿ ಕುಡ್ಕೊಂಡೋಗಪ್ಪ" ಅಂದರು. ಕುಡೀಲಿಲ್ಲ, ಹೋದರು.

ಆಮೇಲೆ ಅಕ್ಕನ್ನ ಕೇಳಿದೆ, ಸಮಾಧಾನ ಆಯ್ತಾ ಅಂತ. "ಪೂರ್ತಿ ಏನಿಲ್ಲ ಕಣೇ. ತಲೆ ತಗ್ಗಿಸ್ಕೊಂಡು ಹೇಳಿದ್ರು. ಅಪ್ಪ ಕೇಳಿಸ್ಕೊಂಡ್ರು. ಅಷ್ಟು ಸಾಕು ಅನ್ಕೊಂಡೆ" ಅಂದಳು.

ತಪ್ಪು ಯಾರದು ಅನ್ನೋ ಪ್ರಶ್ನೆಗೆ ಎರಡು ರೀತಿಯ ಉತ್ತರ ಇದೆ ಅಂತ ನನಗೆ ಹೊಳೆದದ್ದು ಇಲ್ಲಿಂದ. ಸಾಬೀತು ಮಾಡೋದು ಒಂದು, ಒಪ್ಪಿಕೊಳ್ಳೋದು ಇನ್ನೊಂದು. ಕೋರ್ಟಿಗೆ ಮೊದಲನೆಯದು ಮಾತ್ರ ಗೊತ್ತು. ಸಾಬೀತಾದ ತಪ್ಪನ್ನ ಮಾಡಿದವನು ಒಪ್ಪಬೇಕಾಗಿಲ್ಲ, ಮೇಲ್ಮನವಿ ಹಾಕಬಹುದು, ಸಾಯೋವರೆಗೂ ನನಗೆ ಅನ್ಯಾಯ ಆಯ್ತು ಅಂತ ಹೇಳ್ಕೊಂಡು ತಿರುಗಬಹುದು. ಒಪ್ಪಿಕೊಂಡ ತಪ್ಪಿಗೆ ಸಾಕ್ಷಿ ಬೇಕಾಗಲ್ಲ. ಅನ್ಯಾಯ ಆದವರಲ್ಲಿ ಅನೇಕರು ಎರಡನೆಯದಕ್ಕೆ ಆಸೆಪಟ್ಟು, ಅದು ಸಿಗೋ ದಾರಿ ಕಾಣದೆ ಮೊದಲನೆಯದರ ಕ್ಯೂನಲ್ಲಿ ನಿಲ್ಲುತ್ತಾರೆ. ಹಾಗಾಗಿ ಕೊಲಾಬರೇಟಿವ್ ಡೈವೋರ್ಸ್ ತಪ್ಪನ್ನ ಮುಚ್ಚಿಹಾಕುತ್ತೆ ಅನ್ನೋ ಆಕ್ಷೇಪ ಪೂರ್ತಿ ನಿಜ ಅಲ್ಲ. ಸರಿಯಾಗಿ ನಡೆದರೆ ಅಲ್ಲಿ ತಪ್ಪಿನ ಮಾತು ಆಡೋಕೆ ಭಯ ಕಡಿಮೆ.

"ಸರಿಯಾಗಿ ನಡೆದರೆ" ಅಂದೆನಲ್ಲ, ಕಷ್ಟ ಇರೋದು ಆ ಮಾತಲ್ಲೇ.

ಕೂತು ಮಾತಾಡಿ ಮುಗಿಸೋದು ನಮಗೆ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಹಳೇ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಬಿಡುಗಡೆ ಇತ್ತು, ಬಿಡುಗಡೆ ಆದವಳು ಮತ್ತೆ ಮದುವೆ ಆಗೋಕೆ ಕೂಡಿಕೆ, ಸೀರುಡಿಕೆ ಅಂತ ಪದ್ಧತಿಗಳೂ ಇದ್ದವು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಇಂಥ ಪದ್ಧತಿಗಳ ವಿವರ ಸಿಗುತ್ತೆ. 1955ರ ಕಾಯ್ದೆಯೂ ರೂಢಿಯಲ್ಲಿದ್ದ ಬಿಡುಗಡೆಯನ್ನ 29ನೇ ಸೆಕ್ಷನ್ನಲ್ಲಿ ಉಳಿಸಿದೆ. ನಮ್ಮಜ್ಜಿ ಕಾಲದಲ್ಲಿ ಅರಳಿಕಟ್ಟೆ ಮೇಲೆ ಯಜಮಾನರು ಕೂತು ಮಾತಾಡಿದರೆ ಮುಗೀತಿತ್ತಂತೆ. ವಕೀಲರಿಲ್ಲ, ವಾಯಿದೆ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಆ ಕಟ್ಟೆ ಮೇಲೆ ಕೂತವರು ಯಾರು? ಗಂಡಸರು. ಹೆಣ್ಣಿನ ಪರ ಮಾತಾಡೋರು ಅವಳ ಅಪ್ಪನೋ ಅಣ್ಣನೋ, ಅವರಿಗೂ ಅವರದೇ ಮರ್ಯಾದೆ ಚಿಂತೆ. "ಹೊಂದ್ಕೊಂಡು ಹೋಗವ್ವ" ಅನ್ನೋದೇ ಅಲ್ಲಿ ಹೆಚ್ಚು ಸಲ ಬರ್ತಿದ್ದ ತೀರ್ಪು. ಅಜ್ಜಿ ಅದನ್ನೂ ಹೇಳ್ತಿದ್ದರು, ದನಿ ಇಳಿಸಿ.

ಶಾಂತಿಯಿಂದ ಮುಗಿಸೋಣ ಅನ್ನೋ ಮಾತಿಗೆ ಇಂಥ ಇತಿಹಾಸ ಇದೆ. ಶಾಂತಿಯ ಖರ್ಚನ್ನ ಸಾಮಾನ್ಯವಾಗಿ ಒಬ್ಬರೇ ಕೊಡ್ತಾರೆ. ಏಸಿ ರೂಮು, ಕಾಫಿ ಮಷೀನು, ಇಂಗ್ಲಿಷ್ ಹೆಸರು ಬಂದ ಮಾತ್ರಕ್ಕೆ ಅದು ಬದಲಾಗಲ್ಲ.

ನನ್ನ ಜೊತೆ ಕೆಲಸ ಮಾಡೋ ಒಬ್ಬಳಿಗೆ ಗಂಡ ಹೊಡೀತಿದ್ದ. ಅವಳ ಕಡೆಯವರೇ "ಕೂತು ಮಾತಾಡಿ ಮುಗಿಸ್ಕೊಳ್ಳಿ, ಕೇಸು ಯಾಕೆ" ಅಂದರು. ಅವಳು ಮಾತಾಡಲಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅರ್ಜಿ ಹಾಕಿ, ರಕ್ಷಣೆಯ ಆದೇಶ ತಗೊಂಡು, ಇದ್ದ ಮನೇಲೇ ಇದ್ದಳು. ಅವಳು ಮಾಡಿದ್ದು ಸರಿ. ಹೊಡೆದವನ ಎದುರು ಮೇಜಿನ ಆ ಕಡೆ ಕೂತು, ನನಗೆ ಇದು ಬೇಕು ಅಂತ ಬಾಯಿಬಿಟ್ಟು ಹೇಳೋಕೆ ಅವಳಿಗೆ ಆಗ್ತಿರಲಿಲ್ಲ. ಅವಳು ಅಲ್ಲಿ ಹೂಂ ಅಂದಿದ್ದರೆ ಅದು ಭಯದ ಹೂಂ ಆಗಿರ್ತಿತ್ತು. ಅಂಥ ಕಡೆ ಕೋರ್ಟು ಬೇಕು, ಪೊಲೀಸರು ಬೇಕು, ಆದೇಶ ಬೇಕು. ಸಮಾಧಾನದ ಮಾತು ಬೇಡ.

ಹಾಗಾದರೆ ಯಾವ ಒಪ್ಪಿಗೆ ಒಪ್ಪಿಗೆ? ಇದಕ್ಕೆ ಉತ್ತರ ಹುಡುಕೋಕೆ ನಾನು ಫಿಲಾಸಫಿ ಪುಸ್ತಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಹೋಬಳಿಯೇ ಹೇಳಿಕೊಟ್ಟಿದೆ. ಕೈಗಾರಿಕಾ ಪ್ರದೇಶಕ್ಕೆ ಅಂತ ಇಲ್ಲಿನ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಹೊರಟಾಗ 2022ರ ಏಪ್ರಿಲ್ 4ರಂದು ಧರಣಿ ಶುರುವಾಯಿತು. ನಮ್ಮ ಮನೆ ಜಮೀನು ಆ ಪಟ್ಟಿಯಲ್ಲಿರಲಿಲ್ಲ, ಆದರೂ ದಿನಾ ಓಡಾಡೋ ದಾರಿಯಲ್ಲಿ ನೋಡಿದ್ದೀನಿ. ಮಳೆ, ಬಿಸಿಲು, ಎಲೆಕ್ಷನ್ನು ಎಲ್ಲ ಬಂದು ಹೋದವು. 1,198 ದಿನ ಆದ ಮೇಲೆ, 2025ರ ಜುಲೈ 15ರಂದು, ಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅದರ ಜೊತೆ ಇನ್ನೊಂದು ಮಾತಿತ್ತು: ಸ್ವಂತ ಇಷ್ಟದಿಂದ ಕೊಡೋರು ಕೊಡಬಹುದು.

ಅದೇ ಜಮೀನು, ಅದೇ ಕಾಗದ, ಅದೇ ಹೆಬ್ಬೆಟ್ಟು. ಜುಲೈ 14ರಂದು ಒಬ್ಬ ರೈತ ಕೊಡ್ತೀನಿ ಅಂದಿದ್ದರೆ, ಹೆಂಗೂ ಹೋಗುತ್ತೆ, ಸಿಕ್ಕಷ್ಟು ಸಿಗಲಿ ಅನ್ನೋ ಲೆಕ್ಕ ಇದ್ದಿರಬಹುದು. ಆ ಘೋಷಣೆ ನಿಂತರೆ, ಆಮೇಲೆ ಅವನೇ ಕೊಡ್ತೀನಿ ಅಂದಾಗ ಅದಕ್ಕೆ ಬೇರೆ ಅರ್ಥ, ಯಾಕಂದ್ರೆ ಈಗ ಅವನು ಕೊಡಲ್ಲ ಅಂತಲೂ ಅನ್ನಬಹುದು. ಬೇಡ ಅನ್ನೋಕೆ ಆಗೋ ಜಾಗದಲ್ಲಿ ನಿಂತು ಹೇಳಿದ ಹೂಂಗೆ ಮಾತ್ರ ಬೆಲೆ. ಗಂಡ ಹೆಂಡತಿ ನಡುವಿನ ಕಾಗದಕ್ಕೂ ಇದೇ ಅಳತೆ ಹಿಡೀಬೇಕು ಅಂತ ನನಗನಿಸುತ್ತೆ.

ಈ ಅಳತೆ ಇಟ್ಟು ನೋಡಿದರೆ ಸ್ಟು ವೆಬ್ ಅವರ ಷರತ್ತಿನಲ್ಲೂ ಒಂದು ತೂತು ಕಾಣುತ್ತೆ. ಮಾತು ಮುರಿದರೆ ಇಬ್ಬರೂ ಹೊಸ ವಕೀಲರನ್ನ ಹುಡುಕಬೇಕು, ಮತ್ತೆ ಮೊದಲಿಂದ ಫೀಸು. ತಿಂಗಳಿಗೆ ಎರಡು ಲಕ್ಷ ದುಡಿಯೋನಿಗೆ ಅದು ತಲೆನೋವು, ಮೂರು ವರ್ಷ ಮಗು ನೋಡ್ಕೊಂಡು ಕೆಲಸ ಬಿಟ್ಟೋಳಿಗೆ ಅದು ಗೋಡೆ. "ಒಪ್ಪದಿದ್ದರೆ ಎದ್ದು ಹೋಗ್ತೀನಿ" ಅನ್ನೋ ಬೆದರಿಕೆ ಇಬ್ಬರ ಬಾಯಲ್ಲೂ ಒಂದೇ ತೂಕ ಇರಲ್ಲ. ಇನ್ನೊಂದು, ಆಸ್ತಿ ಮುಚ್ಚಿಡೋ ವಿಷಯ. ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ ಸಾಲಗಳ ಅಫಿಡವಿಟ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿದೆ. ಸುಳ್ಳು ಹೇಳಿದರೆ ಕೋರ್ಟು ದಾಖಲೆ ತರಿಸಬಹುದು, ಕ್ರಮ ತಗೋಬಹುದು. ನಾಲ್ಕು ಜನ ಕೂತ ರೂಮಿಗೆ ಆ ಶಕ್ತಿ ಇಲ್ಲ. ಅಲ್ಲಿ ನಡೆಯೋದು ನಂಬಿಕೆಯ ಮೇಲೆ, ಮತ್ತು ನಂಬಿಕೆ ಹೋಗಿದ್ದಕ್ಕೇ ಇಬ್ಬರೂ ಅಲ್ಲಿಗೆ ಬಂದಿರೋದು!

ಹಾಗಾಗಿ ಯಾರಾದರೂ ನನ್ನ ಕೇಳಿದರೆ ನಾನು ಮೂರು ಪ್ರಶ್ನೆ ವಾಪಸ್ ಕೇಳ್ತೀನಿ. ಎದುರಿಗೆ ಕೂತು ಬೇಡ ಅಂತ ಹೇಳೋಕೆ ನಿನಗೆ ಭಯ ಆಗುತ್ತಾ? ಅವರ ಸಂಬಳ, ಸಾಲ, ಆಸ್ತಿ ಸುಮಾರಾಗಿ ಎಷ್ಟು ಅಂತ ನಿನಗೆ ಗೊತ್ತಾ? ನಾಳೆ ಮಾತು ಮುರಿದರೆ ಇನ್ನೊಬ್ಬ ವಕೀಲರನ್ನ ಇಡೋಕೆ ನಿನ್ನ ಹತ್ತಿರ ಅಥವಾ ನಿನ್ನ ಮನೆಯವರ ಹತ್ತಿರ ದುಡ್ಡಿದೆಯಾ? ಮೊದಲನೆಯದಕ್ಕೆ ಹೌದು ಅಂದರೆ ಮಾತು ಅಲ್ಲಿಗೇ ಮುಗೀತು, ಕೋರ್ಟಿಗೆ ಹೋಗು. ಉಳಿದ ಎರಡಕ್ಕೆ ಇಲ್ಲ ಅಂತ ಬಂದರೆ, ಮೊದಲು ಅವನ್ನ ಸರಿಮಾಡ್ಕೊಂಡು ಆಮೇಲೆ ಮೇಜಿಗೆ ಬಾ. ಮೂರೂ ಸರಿ ಇದ್ದರೆ, ಕೂತು ಮಾತಾಡೋ ದಾರಿಗಿಂತ ಒಳ್ಳೇದು ನನಗೆ ಕಾಣ್ತಿಲ್ಲ.

ಮಗು ಇದ್ದರೆ ಇನ್ನೊಂದು ಮಾತು. ಮಗುವಿನ ಜೀವನಾಂಶದ ಹಕ್ಕನ್ನ ಅಪ್ಪ ಅಮ್ಮ ತಮ್ಮ ಚೌಕಾಸಿಯಲ್ಲಿ ಬಿಟ್ಟುಕೊಡೋ ಹಾಗಿಲ್ಲ, ಅದು ಮಗುವಿನದು. ಅಭಿರಕ್ಷೆ ವಿಷಯದಲ್ಲೂ ಮಗುವಿನ ಹಿತವೇ ದೊಡ್ಡದು ಅಂತ ಕಾನೂನು ಹೇಳುತ್ತೆ, ಇಬ್ಬರ ಒಪ್ಪಂದ ಏನೇ ಇರಲಿ. ಮೇಜಿನ ಸುತ್ತ ಕೂತ ನಾಲ್ಕು ಜನರಲ್ಲಿ ಐದನೆಯವನೊಬ್ಬ ಇದ್ದಾನೆ, ಅವನಿಗೆ ಸಹಿ ಹಾಕೋಕೆ ಬರಲ್ಲ ಅನ್ನೋದನ್ನ ಮರೆಯಬಾರದು.

ಕೊನೆಯ ಆಕ್ಷೇಪ ದೊಡ್ಡವರದು. "ಇಷ್ಟು ಸಲೀಸು ಮಾಡಿದ್ರೆ ಮದುವೆಗೆ ಏನು ಬೆಲೆ ಉಳೀತು?" ದೊಡ್ಡಪ್ಪನೇ ಒಂದ್ಸಲ ಕೇಳಿದ್ದರು. ಇದನ್ನ ಹಳೇಕಾಲದ ಮಾತು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಮದುವೆ ಅಂದರೆ ಸುಲಭಕ್ಕೆ ಬಿಟ್ಟುಹೋಗಲ್ಲ ಅನ್ನೋ ಮಾತು, ಆ ಮಾತಿಗೆ ಬೆಲೆ ಇರಲೇಬೇಕು. ಆದರೆ ಐದು ಸಲ ಎದುರುಬದುರು ಕೂತು, ಏಳು ವರ್ಷದ ಲೆಕ್ಕ ಒಪ್ಪಿಸಿ, ಮಾವನ ಮುಂದೆ ತಲೆ ತಗ್ಗಿಸಿ ನಿಲ್ಲೋದು ಸಲೀಸಲ್ಲ. ವಕೀಲರ ಹಿಂದೆ ನಿಂತು ವಾಯಿದೆ ಎಣಿಸೋದು ಅದಕ್ಕಿಂತ ಎಷ್ಟೋ ಸಲೀಸು. ಅಲ್ಲಿ ನಿಮ್ಮ ಮದುವೆಯ ಬಗ್ಗೆ ಬೇರೆಯವರು ಮಾತಾಡ್ತಾರೆ, ನೀವು ಕಾರಿಡಾರಿನ ಬೆಂಚಲ್ಲಿ ಫೋನ್ ನೋಡ್ತಾ ಕೂತಿರಬಹುದು.

ನಮ್ಮ ಕಾಯ್ದೆಗಳೂ ನಮ್ಮ ಮನೆಗಳೂ ಇಷ್ಟು ವರ್ಷ ಒಂದನ್ನೇ ಗೆಲುವು ಅಂತ ಕರೆದಿವೆ: ಇಬ್ಬರನ್ನ ಮತ್ತೆ ಒಂದು ಮಾಡೋದು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಕೂಡ ನ್ಯಾಯಾಧೀಶರಿಗೆ ಮೊದಲು ರಾಜಿಗೆ ಪ್ರಯತ್ನಿಸಿ ಅನ್ನುತ್ತೆ. ಅದು ತಪ್ಪಲ್ಲ, ಆದರೆ ಅದಾಗದೆ ಹೋದಾಗ ಮುಂದೇನು ಅನ್ನೋದನ್ನ ನಮಗೆ ಯಾರೂ ಕಲಿಸಿಲ್ಲ. ಮದುವೆ ಮಾಡೋಕೆ ಶಾಸ್ತ್ರ ಇದೆ, ಸಾವಿಗೆ ಶಾಸ್ತ್ರ ಇದೆ, ಬೇರೆಯಾಗೋಕೆ ನಮ್ಮ ಹತ್ತಿರ ಇರೋದು ಬೈಗುಳ ಮಾತ್ರ. ಅಕ್ಕನ ಮಗ ಈಗ ಭಾನುವಾರ ಅಪ್ಪನ ಮನೇಲಿರ್ತಾನೆ. ಅವನನ್ನ ಬಿಡೋಕೆ, ಕರ್ಕೊಂಡು ಹೋಗೋಕೆ ಇಬ್ಬರೂ ಬಸ್ ಸ್ಟ್ಯಾಂಡ್ ಹತ್ತಿರ ಸಿಗ್ತಾರೆ, ಟಿಫನ್ ಬಾಕ್ಸು, ಹೋಂವರ್ಕು, ಜ್ವರದ ಔಷಧಿ ಇಷ್ಟರ ಬಗ್ಗೆ ಮಾತಾಡ್ತಾರೆ. ಡೈರಿ ಮುಂದಿನ ಕೋರ್ಟಿಗೆ ಇದು ಇನ್ನೂ ಅರ್ಥ ಆಗಿಲ್ಲ. ಜಗಳಾನೇ ಇಲ್ಲ ಅಂದ್ಮೇಲೆ ಯಾಕೆ ಬಿಟ್ಟರು ಅಂತ ಕೇಳ್ತಾರೆ. ಬಿಡೋಕೆ ಜಗಳ ಬೇಕೇ ಬೇಕು ಅಂತ ನಮಗೆ ಹೇಳಿದವರು ಯಾರು ಅಂತ ನಾನು ಯೋಚಿಸ್ತಿದ್ದೀನಿ. ನೀವೂ ಯೋಚಿಸಿ.